ಗಸ್ತು ಪಡೆಯ ಮೊದಲ ಬೇಟೆ

ನನ್ನ ಸೋದರಮಾವ ಹಗಲು ದರ್ಜಿ, ರಾತ್ರಿ ನಮ್ಮ ಬೀದಿಯ ಗಸ್ತು ಪಡೆಯ ನಾಯಕ. ಬಿಟ್ಟಿಯಾಗಿ ಮಾಡುವ ಎರಡನೆಯ ಕೆಲಸಕ್ಕಾಗಿ ಹೊಟ್ಟೆ ಹೊರೆಯುವ ಮೊದಲನೆಯದನ್ನು ಮರೆತೇಬಿಡುತ್ತಿದ್ದ. ಪ್ಯಾಂಟು ಹೊಲಿಸಲು ಬಂದವರ ಕೈಗಳನ್ನು ಅಳತೆ ಟೇಪಿನಿಂದ ಹಿಂದಕ್ಕೆ ಕಟ್ಟಿ, "ಬಿಚ್ಕೊಳ್ಳಿ ನೋಡೋಣ" ಅನ್ನುವನು. ಅದು ಅವನೇ ಕಂಡುಹಿಡಿದ ಗಂಟು, ಎಳೆದಷ್ಟೂ ಬಿಗಿಯಾಗುತ್ತಿತ್ತು. ಪಡೆಗೆ ಸೇರುವವರೆಲ್ಲ ಮೊದಲು ಅದನ್ನು ಕಲಿಯಬೇಕಿತ್ತು.

ಕಟ್ಟಲು ಕಳ್ಳನೊಬ್ಬ ಸಿಕ್ಕಿರಲಿಲ್ಲ, ಅಷ್ಟೇ ಕೊರತೆ. ಸಿಗುವುದಾದರೂ ಹೇಗೆ? ಮಾವನ ಸೀಟಿ ಆಚೆ ಬೀದಿಗೂ ಕೇಳಿಸುತ್ತಿತ್ತು. ಕೊನೆಗೆ ಪಡೆಯಲ್ಲೇ ಇದ್ದ ಬೇಕರಿಯಣ್ಣ ಎಲ್ಲರೆದುರು ಹೇಳಿಯೇಬಿಟ್ಟ: "ಇಷ್ಟು ವರ್ಷದಲ್ಲಿ ಒಂದು ಬೆಕ್ಕನ್ನೂ ಹಿಡಿದಿಲ್ಲ. ಭಾನುವಾರ ಸಭೆ ಸೇರಿ ಪಡೆ ಮುಚ್ಚಿಬಿಡೋಣ. ನಿದ್ದೆಯಾದ್ರೂ ಬರುತ್ತೆ."

ಮಾವನ ಮುಖ ಸಪ್ಪಗಾಯಿತು. ಮನೆಗೆ ಬಂದವನೇ ಅತ್ತೆಗೆ, "ಪಡೆ ಹೋದ್ರೆ ನಾನು ಬರೀ ದರ್ಜಿ ಕಣೇ" ಎಂದ.

"ಮೊದಲು ಅದಾದ್ರೂ ಆಗಿ," ಎಂದಳು ಅತ್ತೆ. "ದಿಂಬಿನ ಕವರ್ ಹೊಲಿದುಕೊಡಿ ಅಂತ ಕೇಳಿ ಕೇಳಿ ಸಾಕಾಗಿದೆ."

ಶನಿವಾರ ಗಸ್ತಿನ ಸರದಿ ಬೇಕರಿಯಣ್ಣ ಮತ್ತವನ ತಮ್ಮನದು. ಒಬ್ಬ ಕಳ್ಳನನ್ನಾದರೂ ಹಿಡಿದು ಪಡೆಯ ಮಾನ ಉಳಿಸಬೇಕೆಂದು ಮಾವ ಯಾರಿಗೂ ಹೇಳದೆ ಹೊರಬಿದ್ದ. ಸೀಟಿ ಮನೆಯಲ್ಲಿ, ಟಾರ್ಚು ಜೇಬಿನಲ್ಲಿ, ತಲೆಯ ಮೇಲೆ ಕಪ್ಪು ಕಂಬಳಿ. ಗೋಡೆಗೆ ಅಂಟಿಕೊಂಡು ಹೆಜ್ಜೆಯಿಡುತ್ತಿದ್ದವನ ಮೇಲೆ ಅಣ್ಣತಮ್ಮ ಇಬ್ಬರೂ ಬಿದ್ದರು. ಕಂಬಳಿ ಬಾಯಿಗೆ ಅಡ್ಡ ಬಂದು ಮಾವನ ಕೂಗು ಗೊರಕೆಯಂತಾಯಿತು. ಕ್ಷಣದಲ್ಲಿ ಅವನ ಕೈ ಹಿಂದಕ್ಕೆ ಹೋಗಿ ಹಗ್ಗ ಬಿಗಿಯಿತು.

ಬೀದಿಗೆ ಬೀದಿಯೇ ಎದ್ದು ಬಂತು. ಯಾರೋ ಲೈಟು ಹಿಡಿದರು.

"ಬಿಡ್ರಪ್ಪ, ಅದು ನಮ್ಮನೆಯವರು," ಎಂದಳು ಅತ್ತೆ. "ಆ ಪ್ಯಾಂಟಿಗೆ ತೇಪೆ ಹಾಕಿದ್ದು ನಾನೇ."

ಕಂಬಳಿ ಸರಿಸಿದರು. ನಗು ತಡೆಯಲಾರದೆ ನಾನು ಕಟ್ಟೆಯ ಮೇಲೆ ಕುಳಿತೆ. ಬೇಕರಿಯಣ್ಣ ನಾಚಿ ನೀರಾಗಿ ಗಂಟು ಬಿಚ್ಚಲು ಹೋದ. ಆಗಲಿಲ್ಲ. ಅತ್ತೆ ಕತ್ತರಿ ತಂದಳು.

"ತಡಿಯೇ," ಎಂದ ಮಾವ. ಕೈ ಎಳೆದು ನೋಡಿದ, ತಿರುಚಿ ನೋಡಿದ. "ಯಾರು ಕಟ್ಟಿದ್ದು ಇದನ್ನ?"

"ನಾನೇ, ನಾಯಕ್ರೇ. ನೀವು ಹೇಳಿಕೊಟ್ಟ ಹಾಗೇ..." ಎಂದ ಬೇಕರಿಯಣ್ಣ.

ಮಾವನ ಕಣ್ಣಲ್ಲಿ ನೀರಾಡಿತು. "ಒಂಚೂರೂ ಸಡಿಲ ಇಲ್ಲ ಕಣೋ!"

ಭಾನುವಾರದ ಸಭೆಯಲ್ಲಿ ಪಡೆ ಮುಚ್ಚುವ ಮಾತು ಬರಲೇ ಇಲ್ಲ. ತಾನು ಹೇಗೆ ಹಾರಿ ಹಿಡಿದೆ ಎಂಬುದನ್ನು ಬೇಕರಿಯಣ್ಣ ಮತ್ತೆ ಮತ್ತೆ ನಟಿಸಿ ತೋರಿಸುತ್ತಿದ್ದ. ಹಿಡಿಸಿಕೊಂಡಿದ್ದು ಹೇಗೆಂದು ತೋರಿಸಲು ಮಾವನೂ ಪ್ರತಿಸಲ ಎದ್ದು ಕಂಬಳಿ ಹೊದೆಯುತ್ತಿದ್ದ.