ಕದರಮ್ಮ ಸೆರಗಿಗೆ ಕಟ್ಟಿಕೊಂಡ ಧೂಳು

ನಿಟ್ಟೂರಿನಲ್ಲಿ ಮಗು ಹಾಲು ಕುಡಿಯದೆ ರಚ್ಚೆ ಹಿಡಿದರೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಕದರಮ್ಮನ ಜಗಲಿಗೆ ಬಂದು ಹೋಗುವುದು ವಾಡಿಕೆ. ಅವಳು ಹುಟ್ಟಿದ್ದು ಹಾಗಲವಾಡಿಯಲ್ಲಿ, ಕೊಟ್ಟಿದ್ದು ನಿಟ್ಟೂರಿಗೆ. ಗಂಡ ಕೆಂಪಯ್ಯ ತೋಟದಲ್ಲಿ ಬಿದ್ದ ತೆಂಗಿನ ಗರಿ ಎಳೆದು ತಂದು ಹಾಕಿದರೆ ಇವಳು ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಕೆಂಪಯ್ಯ ಹೋಗಿ ಬಹಳ ಕಾಲವಾಯಿತು, ಪೊರಕೆ ಮಾತ್ರ ನಿಂತಿಲ್ಲ. ಕೈ ಕಡ್ಡಿಯಲ್ಲಿದ್ದರೆ ಕಿವಿ ಬೀದಿಯಲ್ಲಿ. ಯಾರು ಏನಂದರು, ಅನ್ನುವಾಗ ದನಿ ಎಲ್ಲಿ ನಡುಗಿತು, ಎಲ್ಲಿ ಸುಳ್ಳಾಯಿತು, ಎಲ್ಲವೂ ಅವಳಿಗೆ ಕೇಳುತ್ತದೆ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಚಟ ಅವಳಿಗಿಲ್ಲ.

ದೃಷ್ಟಿ ತೆಗೆಯುವುದನ್ನು ಕಲಿಸಿದ್ದು ಅವಳ ಅತ್ತೆ. ಉಪ್ಪು, ಒಣಮೆಣಸಿನಕಾಯಿ, ನಾಲ್ಕು ಪೊರಕೆ ಕಡ್ಡಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕದರಮ್ಮ ಮಾಡುವುದರಲ್ಲಿ ಇನ್ನೂ ಒಂದು ಉಂಟು, ಕಣ್ಣು ಹಾಕಿದವರ ಕಾಲ್ದೂಳು. ಯಾರ ಮೇಲೆ ಅನುಮಾನವೋ ಅವರು ನಿಂತು ಹೋದ ಜಾಗದ ಮಣ್ಣನ್ನು ಒಂದು ಚಿಟಿಕೆ ತಂದು, ಸೇರಿಸಿ ನಿವಾಳಿಸಿ, ಒಲೆಗೆ ಹಾಕಬೇಕು. ಹಾಕುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು. ಮಾತಾಡಿದರೆ, ಇಳಿದ ದೃಷ್ಟಿ ತಿರುಗಿ ಬಂದು ಅಲ್ಲೇ ಕೂರುತ್ತದೆ. ನಡುವೆ ಕೆಮ್ಮಿ ಏನೋ ಹೇಳಲು ಹೋದ ಊರ ಚೇರ್ಮನ್ನನ್ನೇ "ಏಳಪ್ಪ, ಎದ್ದು ಆಚೆಗೆ ಹೋಗು" ಎಂದು ಎಬ್ಬಿಸಿ ಕಳಿಸಿದವಳು ಅವಳು.

ಅಂಥವಳ ಮನೆಯ ಹುಡುಗಿಗೇ ಈ ವರ್ಷ ಕಣ್ಣು ಬಿತ್ತು. ಒಂದೆರಡು ಕಣ್ಣಲ್ಲ, ಲೆಕ್ಕಕ್ಕೇ ಸಿಗದಷ್ಟು.

ಯಶಸ್ವಿನಿ ಕದರಮ್ಮನ ಮಗನ ಮಗಳು. ಮಾತು ಬಂದಾಗಿನಿಂದ ಅವಳ ಬಾಯಲ್ಲಿ ಬರೀ ಪ್ರಶ್ನೆಯೇ. ಒಮ್ಮೆ ಸುಲಿದ ಕಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ್ದಳು, "ಇದಕ್ಕೆ ಮೂರು ಕಣ್ಣಿದ್ರೂ ಯಾಕಜ್ಜಿ ಏನೂ ಕಾಣಲ್ಲ?"

"ನೋಡಕ್ಕಲ್ಲ ಕಣೆ, ಮೊಳಕೆ ಬರಕ್ಕೆ. ಎರಡು ಕುರುಡು, ಒಂದು ಮಾತ್ರ ಮೆತ್ತಗಿರ್ತದೆ. ಅದ್ರಾಗೇ ಮೊಳಕೆ."

"ಮೆತ್ತಗಿರೋದು ಯಾವ್ದು ಅಂತ ಮೊಳಕೆಗೆ ಹೆಂಗಜ್ಜಿ ಗೊತ್ತಾಗ್ತದೆ? ಒಳಗೆ ಕತ್ಲೆ ಅಲ್ವಾ?"

ಕದರಮ್ಮ ಪೊರಕೆ ಕೆಳಗಿಟ್ಟು ಯೋಚಿಸಿ, "ನಂಗೊತ್ತಿಲ್ಲ ಕಣೆ" ಅಂದಿದ್ದಳು. ಹುಡುಗಿ ಅಷ್ಟಕ್ಕೇ ಖುಷಿಯಾಗಿ ಕುಣಿದಿದ್ದಳು.

ಅದೇ ಹುಡುಗಿ ಓದಿ, ತುಮಕೂರಿನ ಒಂದು ಲೋಕಲ್ ಚಾನೆಲ್ಲಿನಲ್ಲಿ ವರದಿಗಾರ್ತಿಯಾದಳು. ಪ್ರಶ್ನೆ ಕೇಳಿದರೆ ಸಂಬಳ ಕೊಡುತ್ತಾರೆ ಎಂಬುದು ಕದರಮ್ಮನಿಗೆ ಎಷ್ಟು ದಿನವಾದರೂ ಕನಸಿನಂತೆಯೇ ಇತ್ತು.

ಆದದ್ದು ಇಷ್ಟು. ತುಮಕೂರಿನಲ್ಲಿ ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದವು. ಗೆಲ್ಲುತ್ತಿದ್ದ ಕುಣಿಗಲ್ ಟೀಮು ಕೊನೆಯಲ್ಲಿ ಸೋತಿತು. ಟೀಮಿನ ಮ್ಯಾನೇಜರ್ ಅನಂತರಾಜು ಮೈದಾನದಿಂದ ಆಚೆ ಬರುತ್ತಿದ್ದಂತೆ ಯಶಸ್ವಿನಿ ಮೈಕು ಹಿಡಿದು ಏನೋ ಕೇಳಿದಳು. ಅವನು ನಕ್ಕು, "ಇದು ಮುದ್ದೆ ತಿರುವಿದಂಗಲ್ಲ ಕಣಮ್ಮ. ಮದ್ವೆ ಮಾಡ್ಕೊಂಡು ಒಂದು ಮಗು ಆಡ್ಸು ಹೋಗು. ಚೆಂಡು ಆಡ್ಸೋದು ನಾವು ನೋಡ್ಕೋತೀವಿ" ಅಂದ. ಸುತ್ತ ನಿಂತ ಗಂಡಸರೆಲ್ಲ ಹೋ ಎಂದು ನಕ್ಕರು. ಯಶಸ್ವಿನಿಯ ಮೈಕು ನಿಧಾನಕ್ಕೆ ಕೆಳಗಿಳಿಯಿತು.

ಆ ತುಣುಕು ಅಂದು ಸಂಜೆಯೇ ಎಲ್ಲರ ಫೋನಿಗೆ ಹರಿಯಿತು. ಬೈದವರು ಅವನನ್ನು ಬೈದರು, ಹಂಗಿಸುವವರು ಇವಳನ್ನು ಹಂಗಿಸಿದರು. ಮೈಕು ಕೆಳಗಿಳಿಯುವ ದೃಶ್ಯಕ್ಕೆ ಯಾರೋ ತಮಟೆ ಬಡಿತ ಸೇರಿಸಿದರು. ತುಮಕೂರಿನ ಒಂದು ಹೋಟೆಲಿನವನು 'ಚೆಂಡಿನ ಗಾತ್ರದ ಮುದ್ದೆ ಊಟ' ಎಂದು ಬೋರ್ಡು ಬರೆಸಿದ. ಪಾಪ ಎನ್ನುವವರು ಶಾಲು ಹೊದಿಸಲು ಮನೆಗೇ ಬಂದು, ಸೆಲ್ಫಿ ತೆಗೆದುಕೊಂಡು ಹೋದರು. ಅನಂತರಾಜು 'ನೋವಾಗಿದ್ದರೆ ಕ್ಷಮೆ ಇರಲಿ' ಎಂದು ಪೇಪರಿಗೆ ಒಂದು ಸಾಲು ಕೊಟ್ಟ.

ಯಶಸ್ವಿನಿ ಊರಿಗೆ ಬಂದು ತೆಂಗಿನ ಮರದ ಕೆಳಗೆ ಕೂತಳು. ಉಣ್ಣು ಅಂದರೆ ಉಣ್ಣುತ್ತಿದ್ದಳು, ಏಳು ಅಂದರೆ ಏಳುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. "ಸಾರೇನಮ್ಮ" ಎಂದು ಸಹ ಕೇಳಲಿಲ್ಲ. ಗರಿಗಳ ನೆರಳು ಅವಳ ಮುಖದ ಮೇಲೆ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ನೀರಿನ ಅಡಿಯಲ್ಲಿ ಕೂತವಳ ಹಾಗೆ ಕಾಣುತ್ತಿದ್ದಳು.

ಶುಕ್ರವಾರ ಚಾನೆಲ್ಲಿನವರು ಫೋನು ಮಾಡಿದರು. ಸೊಸೆ ಪ್ರಮೀಳಾ ಒಲೆಯ ಮುಂದೆ ಬಂದು ಪಿಸುಗುಟ್ಟಿದಳು, "ಅತ್ತೆ, ಭಾನುವಾರ ಕುಣಿಗಲ್ಲಲ್ಲಿ ಮ್ಯಾಚಂತೆ. ಇವಳು ಹೋಗ್ಲಿಲ್ಲ ಅಂದ್ರೆ ಬೇರೆಯೋರನ್ನ ಹಾಕ್ಕೋತಾರಂತೆ. ಕೆಲ್ಸ ಹೋದ್ರೆ ಹೋಗ್ಲಿ. ಮಾತೇ ಹೋಗ್ಬುಟ್ರೆ ಏನತ್ತೆ ಮಾಡೋದು?"

ಕದರಮ್ಮ ಕೆಂಡ ಕೆದಕುತ್ತ ಕೂತಳು. ಕಣ್ಣು ಬಿದ್ದಿದೆ, ನಿಜ. ಆದರೆ ಇಷ್ಟೊಂದು ಜನರ ಕಾಲ್ದೂಳನ್ನು ತರುವುದು ಎಲ್ಲಿಂದ? ಹೋಗಲಿ, ಊರಿಗೊಂದು ಚಿಟಿಕೆಯಾದರೂ ತರೋಣ ಅಂದುಕೊಂಡಳು.

ಶನಿವಾರ ಬೆಳಕು ಹರಿಯುತ್ತಲೇ ಹೊರಟಳು. ಮೊದಲು ಊರ ಬಾಗಿಲ ಸದಾಶಿವಯ್ಯನ ಟೀ ಅಂಗಡಿ. ಬೆಂಚಿನ ತುಂಬ ಜನ.

"ಅವ್ನ ಕಾಲು ಮುರೀಬೇಕು ಕಣಜ್ಜಿ," ಅಂದ ಸದಾಶಿವಯ್ಯ, ಟೀ ಎತ್ತಿ ಹುಯ್ಯುತ್ತ. "ನಮ್ಮೂರ ಹುಡುಗೀನ ಹಂಗನ್ನೋದಾ?"

"ಗಂಡಸ್ರ ಮಧ್ಯಕ್ಕೆ ಇವ್ಳು ಹೋಗಿದ್ದಾದ್ರೂ ಯಾಕೆ?" ಬೆಂಚಿನಿಂದ ಒಂದು ದನಿ ಬಂತು.

"ನೀನ್ ಸುಮ್ನಿರ್ಲಾ," ಸದಾಶಿವಯ್ಯ ಗದರಿದ. "ನಿನ್ ಹೆಂಡ್ರು ಸಂತೆಗೋಗಿ ಹುಣ್ಸೆಹಣ್ಣು ಮಾರ್ಕೊಂಡ್ ಬರೋದಕ್ಕೇ ನೀನಿಲ್ಲಿ ಟೀ ಕುಡೀತಿರೋದು."

ಬೆಂಚು ನಕ್ಕಿತು. ಕದರಮ್ಮ ಕೇಳಿದಳು, "ಅದಿರ್ಲಿ, ನಮ್ ಹುಡುಗಿ ಏನ್ ಕೇಳಿದ್ಲಪ್ಪ ಅವನ್ನ?"

ಸದಾಶಿವಯ್ಯನ ಕೈ ಮೇಲೆಯೇ ನಿಂತಿತು. "ಏನೋ ಕೇಳಿದ್ಲು ಬುಡಜ್ಜಿ. ಅದ್ಯಾರಿಗ್ ಗೊತ್ತು?"

ಬೆಂಚಿನ ಕೆಳಗಿನ ಒಂದು ಚಿಟಿಕೆ ಮಣ್ಣು ಸೆರಗಿನ ಗಂಟಿಗೆ ಸೇರಿತು.

ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿದ್ದರು.

"ನಾನಾಗಿದ್ರೆ ಮೈಕಲ್ಲೇ ಕುಟ್ಟಿರೋಳು."

"ಕುಟ್ಟಿರೋಳಂತೆ! ಕಂಡಕ್ಟರ್ ಹತ್ರ ಸೀಟ್ ಕೇಳಕ್ಕೆ ನನ್ನ ಮುಂದೆ ತಳ್ತೀಯ."

ಕದರಮ್ಮ ಅವರ ಪಕ್ಕ ಕೂತು ಅದೇ ಪ್ರಶ್ನೆ ಕೇಳಿದಳು. ಹುಡುಗಿಯರು ತುಣುಕನ್ನು ಮೊದಲಿಂದ ಹಾಕಿದರು. "ಅದಿಲ್ಲ ಅಜ್ಜಿ ಇದ್ರಲ್ಲಿ. ಆವಯ್ಯ ಬಾಯಿ ತೆಗ್ಯೋದ್ರಿಂದ್ಲೇ ಶುರುವಾಗ್ತದೆ. ಅವಳು ಕೇಳಿದ್ದನ್ನ ಕಟ್ ಮಾಡವ್ರೆ."

ಕದರಮ್ಮ ಬಗ್ಗಿ ಅವರ ಕಾಲ ಬಳಿಯ ಒಂದು ಚಿಟಿಕೆ ಮಣ್ಣನ್ನು ಗಂಟಿಗೆ ಸೇರಿಸಿದಳು. ಇಷ್ಟು ಜನ ನೋಡಿದ್ದಾರೆ. ಅವನಂದದ್ದು ಎಲ್ಲರಿಗೂ ಬಾಯಿಪಾಠ. ಹುಡುಗಿ ಕೇಳಿದ್ದನ್ನು ಮಾತ್ರ ಕೇಳಿಸಿಕೊಂಡವರಿಲ್ಲ. ಅಷ್ಟೇಕೆ, ತಾನು ಕೂಡ ಕೇಳಲಿಲ್ಲವಲ್ಲ! ಮನೆಯಲ್ಲೇ ಇದ್ದವಳನ್ನು ಉಣ್ಣು, ಏಳು ಅಂದದ್ದಷ್ಟೇ.

ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಜೊಂಪು ಹತ್ತಿತು. ತೆಂಗಿನ ತೋಟಗಳು ಓಡುತ್ತಿದ್ದವು. ಜೊಂಪಿನಲ್ಲಿ ಮರಗಳ ತುಂಬ ಸುಲಿದ ಕಾಯಿಗಳು, ಒಂದೊಂದಕ್ಕೂ ಮೂರು ಕಣ್ಣು. ಎಲ್ಲವೂ ರಸ್ತೆಯ ಕಡೆಗೇ ತಿರುಗಿವೆ. ಪುಟ್ಟ ಯಶಸ್ವಿನಿ ಮರದಿಂದ ಮರಕ್ಕೆ ಓಡಿ ಒಂದೊಂದು ಕಣ್ಣನ್ನೂ ಬೆರಳಿಂದ ಒತ್ತಿ ನೋಡುತ್ತಿದ್ದಾಳೆ, ಮೆತ್ತಗಿರುವುದು ಯಾವುದು ಎಂದು. ಒಂದೂ ಸಿಗುತ್ತಿಲ್ಲ.

ಟೌನ್‌ಹಾಲ್ ಸರ್ಕಲ್ಲಿನಲ್ಲಿ ಅನಂತರಾಜುವಿನ ಮಾತಿನ ವಿರುದ್ಧ ಹೆಂಗಸರ ಪ್ರತಿಭಟನೆ ನಡೆಯುತ್ತಿತ್ತು. ಸಿಮೆಂಟಿನ ಮೇಲೆ ಹೆಜ್ಜೆ ಎಲ್ಲಿ ಮೂಡುತ್ತದೆ? ರಸ್ತೆ ನಡುವಿನ ಕಟ್ಟೆಯ ಬುಡದಲ್ಲಿ ಗಾಳಿ ಕೂಡಿಟ್ಟ ಧೂಳನ್ನು ಬಗ್ಗಿ ಬೆರಳಿಂದ ಕೆರೆಯುವಷ್ಟರಲ್ಲಿ, ಅಜ್ಜಿಗೆ ತಲೆ ತಿರುಗಿತು ಎಂದು ನಾಲ್ಕು ಜನ ಓಡಿ ಬಂದರು. ನೀರು ಕುಡಿಸಿದರು, ಗಾಳಿ ಬೀಸಿದರು, ಕೈಗೊಂದು ಫಲಕ ಕೊಟ್ಟರು. "ಕೂಗಿ ಅಜ್ಜಿ!" ಕದರಮ್ಮ ಒಂದು ಸಲ ಕೂಗಿದಳು. ದನಿ ಚೆನ್ನಾಗಿಯೇ ಬಂತು.

ಆಮೇಲೆ ಮುಂದೆ ನಿಂತಿದ್ದ ಹೆಂಗಸನ್ನು ಕೇಳಿದಳು, "ಆ ಹುಡುಗಿ ಕೇಳಿದ್ದೇನು ತಾಯಿ?"

"ಏನೇ ಕೇಳಿರ್ಲಿ ಅಜ್ಜಿ, ಅವ್ನು ಹಾಗನ್ನಬಾರದಾಗಿತ್ತು."

"ಅದು ಸರಿ ತಾಯಿ. ನೂರಕ್ಕೆ ನೂರು ಸರಿ." ಫಲಕವನ್ನು ಜೋಪಾನವಾಗಿ ವಾಪಸು ಕೊಟ್ಟು, ಕುಣಿಗಲ್ ಬಸ್ಸು ಹತ್ತಿದಳು.

ಕುಣಿಗಲ್ ಕೆರೆ ತುಂಬಿತ್ತು. ಬಿಸಿಲು ನೀರಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ. ಕೇಳುತ್ತ ಕೇಳುತ್ತ ಮೈದಾನ ಸಿಕ್ಕಿತು. ಹುಡುಗರು ಚೆಂಡು ಒದೆಯುತ್ತಿದ್ದರು. ಬೇವಿನ ಮರದಡಿ ಸೀಟಿ ಹಿಡಿದು ನಿಂತಿದ್ದ ದಪ್ಪ ಮನುಷ್ಯ ಅನಂತರಾಜು. ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣಗಾಗಿದ್ದ. ಗೊತ್ತಾಗದ ಹಾಗೆ ಮಣ್ಣು ತೆಗೆಯಬೇಕು ಎಂದು ಹಿಂದಿನಿಂದ ಬಂದರೂ, ಬಗ್ಗುವುದರೊಳಗೆ ಅವನು ತಿರುಗಿಬಿಟ್ಟ.

"ಅಯ್ಯೋ, ದೊಡ್ಡೋರು ನೀವು! ಕಾಲಿಗ್ಯಾಕೆ ಬೀಳ್ತೀರಾ?"

"ಬೀಳ್ತಿಲ್ಲ ಕಣಪ್ಪ. ಒಸಿ ಕಾಲೆತ್ತು. ನಿನ್ ಹೆಜ್ಜೆ ಮಣ್ಣು ಬೇಕು. ನಾನು ಯಶಸ್ವಿನಿ ಅಜ್ಜಿ."

ಅವನ ಕೈ ಸೀಟಿಯ ದಾರದಲ್ಲಿ ಸಿಕ್ಕಿಕೊಂಡಿತು. ಅವನು ಕಾಲೆತ್ತಲಿಲ್ಲ. ಹಾಗೇ ಮರದ ಬುಡದಲ್ಲಿ ಕುಸಿದು ಕೂತ. "ಬೈಯೋದಿದ್ರೆ ಬೈದ್ಬುಡಿ ಅಜ್ಜಿ. ಊರೆಲ್ಲ ಬೈದಾಯ್ತು. ಮನೇಲಿ ಹೆಂಡ್ತಿ ಅವತ್ತಿಂದ ಒಲೆ ಮುಂದಕ್ಕೇ ಬರ್ತಿಲ್ಲ, 'ತಿರುವ್ಕೋ, ಅಷ್ಟು ಸುಲಭ ಅಲ್ವಾ' ಅಂತಾಳೆ. ನಾನೇ ಮುದ್ದೆ ತಿರುವ್ತಾ ಇದೀನಿ. ಬರೀ ಗಂಟು."

ಕದರಮ್ಮನಿಗೆ ನಗು ಬಂತು, ನಗಲಿಲ್ಲ. "ಬೈಯಕ್ಕೆ ಬಂದಿಲ್ಲ. ಎಲ್ಲಾರ್ನೂ ಕೇಳ್ಕೊಂಡ್ ಬಂದೆ, ಒಬ್ರಿಗೂ ಗೊತ್ತಿಲ್ಲ. ನೀನಾದ್ರೂ ಹೇಳು. ನಮ್ ಹುಡುಗಿ ನಿನ್ನ ಏನ್ ಕೇಳಿದ್ಲು?"

ಅನಂತರಾಜು ಸೀಟಿಯನ್ನು ಕೆಳಗಿಟ್ಟ. ಒಣಗಿದ ಬೇವಿನೆಲೆಯೊಂದು ಸುತ್ತಿ ಸುತ್ತಿ ಅವನ ಭುಜದ ಮೇಲೆ ಇಳಿಯಿತು.

"ಗೋಲ್‌ಕೀಪರ್ ಅಷ್ಟು ಚೆನ್ನಾಗಿ ಹಿಡೀತಿದ್ದ, ಅರ್ಧದಲ್ಲಿ ಯಾಕೆ ಆಚೆ ಕರಿಸಿದ್ರಿ, ಅಂದ್ಲು."

"ಯಾಕೆ ಕರಿಸ್ದೆ?"

"ಹೇಳಕ್ಕೇನಾದ್ರೂ ಇದ್ದಿದ್ರೆ ಆ ಮಾತು ಯಾಕಜ್ಜಿ ಬರ್ತಿತ್ತು ಬಾಯಲ್ಲಿ?" ಆ ದನಿ ನಡುಗಿದ ಜಾಗ ಕದರಮ್ಮನಿಗೆ ಕೇಳಿಸಿತು. ಸುಳ್ಳು ಅದರಲ್ಲಿರಲಿಲ್ಲ. ಅವನು ಹೇಳಲು ಹೊರಟ, "ಅವತ್ತು ಏನಾಯ್ತು ಅಂದ್ರೆ..."

"ನಂಗ್ ಬ್ಯಾಡ," ಅಂದಳು ಕದರಮ್ಮ. "ನಂಗೆ ಚೆಂಡು ತಿಳಿಯಲ್ಲ. ಕೇಳಿದೋಳಿಗೆ ಹೇಳು. ಬಂದ್ರೆ."

ಅನಂತರಾಜು ಎದ್ದು, ಅಜ್ಜಿಯ ಮುಖ ನೋಡದೆ ಬಲಗಾಲು ಎತ್ತಿ ನಿಂತ.

ಮರಳಿ ಬರುವ ಬಸ್ಸುಗಳಲ್ಲಿ ಗಂಟು ಮಡಿಲಲ್ಲೇ ಇತ್ತು. ಬೇರೆ ಬೇರೆ ಕಟ್ಟಬೇಕಾದ ಮಣ್ಣನ್ನೆಲ್ಲ ಒಂದೇ ಗಂಟಿಗೆ ಹಾಕಿದ್ದು ಗುಬ್ಬಿ ದಾಟುವಾಗ ನೆನಪಿಗೆ ಬಂತು. ಬಿಚ್ಚಿ ನೋಡಿದಳು. ಹಂಗಿಸಿದವರದು ಯಾವುದೋ, ಪಾಪ ಅಂದವರದು ಯಾವುದೋ, ಅವನದು ಯಾವುದೋ! ಎಲ್ಲ ಸೇರಿ ಒಂದೇ ಬಣ್ಣವಾಗಿತ್ತು. ಇದ್ದರೆ ಇರಲಿ, ಕಣ್ಣು ಕಣ್ಣೇ ಎಂದು ಮತ್ತೆ ಗಂಟು ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು. ಯಶಸ್ವಿನಿಯನ್ನು ಹೊಸಿಲ ಒಳಗೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಪ್ರಮೀಳಾ ಒಲೆಯ ಕೆಂಡ ಊದಿ ಇಟ್ಟಳು. ಉಪ್ಪು, ಮೆಣಸಿನಕಾಯಿ, ಕಡ್ಡಿ ಹಿಡಿದ ಬಲಗೈ ಮುಷ್ಟಿಯಲ್ಲೇ ಮಣ್ಣನ್ನೂ ಇಟ್ಟುಕೊಂಡು ಕದರಮ್ಮ ಶುರು ಮಾಡಿದಳು. ಇಂಥ ಹೊತ್ತಿನಲ್ಲಿ ಬಾಯಿ ತೆರೆಯುವ ಹಕ್ಕು ಅವಳೊಬ್ಬಳಿಗೇ.

"ನಿಟ್ಟೂರು ಬೆಂಚಿನ ಕಣ್ಣು, ಗುಬ್ಬಿ ಬಸ್‌ಸ್ಟ್ಯಾಂಡಿನ ಕಣ್ಣು, ತುಮಕೂರು ಸರ್ಕಲ್ಲಿನ ಕಣ್ಣು, ಕರುಣೆ ಕಣ್ಣು, ಕೊಂಕಿನ ಕಣ್ಣು, ಫೋನಿನೊಳಗೆ ಕೂತ ಕಣ್ಣು..." ಮುಷ್ಟಿ ಹುಡುಗಿಯ ತಲೆಯನ್ನು ಸುತ್ತಿತು. "ಕುಣಿಗಲ್ ಬೇವಿನ ಮರದಡಿ, ಗೋಲ್‌ಕೀಪರ್‌ನ ಯಾಕೆ ಕರಿಸ್ದೆ ಅಂದ್ರೆ ಉತ್ರ ಇಲ್ದೆ ನಕ್ಕೋನ ಕಣ್ಣು..."

ಯಶಸ್ವಿನಿಯ ತಲೆ ಎದ್ದಿತು.

ಪ್ರಮೀಳಾ ಗಾಬರಿಯಿಂದ ಬೆರಳನ್ನು ತುಟಿಯ ಮೇಲಿಟ್ಟು ಮಗಳಿಗೆ ಸನ್ನೆ ಮಾಡಿದಳು. ಕದರಮ್ಮನ ಮುಷ್ಟಿ ಗಾಳಿಯಲ್ಲೇ ನಿಂತಿತು.

"ಉತ್ರ ಇರ್ಲಿಲ್ಲ ಅಂತ ಅವ್ರೇ ಅಂದ್ರಾ ಅಜ್ಜಿ?"

ಒಲೆಯಲ್ಲಿ ಕೆಂಡ ಸಣ್ಣಗೆ ಚಿಟಿಲೆಂದಿತು. ಜನ್ಮದಲ್ಲೇ ಇಂಥ ಹೊತ್ತಿನಲ್ಲಿ ಯಾರನ್ನೂ ಮಾತಾಡಗೊಡದಿದ್ದ ಕದರಮ್ಮ, ಮುಷ್ಟಿಯನ್ನು ನಿಧಾನವಾಗಿ ಮಡಿಲಿಗೆ ಇಳಿಸಿದಳು. ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು, ಅವಳು ತಡೆಯಲಿಲ್ಲ.

"ಅಂದ."

"ಹಂಗಾದ್ರೆ ಯಾರು ಹೇಳಿ ಕರಿಸಿದ್ದು? ಆ ಹುಡುಗನಿಗೆ ಪೆಟ್ಟಾಗಿತ್ತಾ? ನೀನು ಕುಣಿಗಲ್‌ತನ್ಕ ಹೋಗಿದ್ಯಾ? ಕಾಲೆತ್ತು ಅಂದ್ರೆ ಎತ್ತಿದ್ರಾ ಅವ್ರು?"

"ಆಯ್ತು ಬುಡು, ಎಲ್ಲಾ ಕೆಡಿಸ್ಬುಟ್ಲು," ಎಂದ ಪ್ರಮೀಳಾ ಸೆರಗನ್ನು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಆ ಬೆಳಕಿನಲ್ಲಿ ತಿಳಿಯುತ್ತಿರಲಿಲ್ಲ.

ಕದರಮ್ಮ ಎದ್ದು ಹೊರಗೆ ಹೋಗಿ ಉಳಿದ ಮಣ್ಣನ್ನು ತೆಂಗಿನ ಮರದ ಬುಡಕ್ಕೆ ಉದುರಿಸಿ ಸೆರಗು ಕೊಡವಿದಳು. ಹಿಂದೆಯೇ ಹೊಸಿಲಿಗೆ ಬಂದು ನಿಂತ ಹುಡುಗಿ ಕೇಳಿದಳು, "ಅಜ್ಜಿ, ಬೆಳಿಗ್ಗೆ ತುಮಕೂರಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

ಕದರಮ್ಮನಿಗೆ ಗೊತ್ತಿತ್ತು. ಆದರೂ ಕೇಳಿಸಲಿಲ್ಲವೆಂಬಂತೆ ಒಂದು ಗಳಿಗೆ ಮರಕ್ಕೆ ಒರಗಿ ನಿಂತಳು, ಅವಳು ಇನ್ನೊಂದು ಸಲ ಕೇಳಲಿ ಎಂದು.