ನೆಟ್ಟಿನ ಮೇಲೆ ಹೊರಿಸಿದ ತಪ್ಪು

ನಾನು ಚಿಕ್ಕವಳಾಗಿದ್ದಾಗ ಸೂಲಿಬೆಲೆ ಹತ್ತಿರದ ನಮ್ಮೂರಿನಲ್ಲಿ ಫೋನ್ ಇದ್ದದ್ದು ಹಾಲಿನ ಡೈರಿಯಲ್ಲಿ ಮಾತ್ರ. ಯಾರಿಗಾದರೂ ಕರೆ ಬಂದರೆ ಕಾರ್ಯದರ್ಶಿ ಬೀದಿಗೆ ಬಂದು ಕೂಗುತ್ತಿದ್ದರು. ಸಾವಿನ ಸುದ್ದಿಯೇ ಇರಬೇಕೆಂದು ಹೆದರಿ ಜನ ಓಡುತ್ತಿದ್ದರು. ನಮ್ಮ ಮನೆಯಲ್ಲಿದ್ದದ್ದು ಒಂದು ರೇಡಿಯೊ. ಅಪ್ಪನನ್ನು ಬಿಟ್ಟರೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಪಿಯುಸಿಗೆ ಹೊಸಕೋಟೆಗೆ ಸೇರಿದ ಮೇಲೆ ದೊಡ್ಡಪ್ಪನ ಮಗ ಒಮ್ಮೆ ನನ್ನನ್ನು ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದ. ಅವನು ಕೂತ, ನಾನು ಹಿಂದೆ ನಿಂತು ನೋಡಿದೆ. ಅವನು ನೀರು ಕುಡಿಯಲು ಎದ್ದಾಗ ಮೌಸನ್ನು ಒಂದು ಸಲ ಮುಟ್ಟಿದೆ, ಅಷ್ಟೆ. ಮಾರನೆಯ ದಿನ ಬಸ್ಸಿನಲ್ಲಿ ಗೆಳತಿಗೆ ಹೇಳಿದ್ದು ಮಾತ್ರ ಬೇರೆ: "ನಂಗೆ ನೆಟ್ಟೆಲ್ಲಾ ಬರ್ತದೆ ಕಣೇ."

ಅವಳು ನಂಬಿದಳು. ಒಂದನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂತವಳು, ನನಗಿಂತ ಚೆನ್ನಾಗಿ ಓದುವವಳು. ಆದರೂ ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು.

ಎರಡನೇ ಪಿಯುಸಿ ಫಲಿತಾಂಶ ಮಧ್ಯಾಹ್ನ ನೆಟ್‌ನಲ್ಲಿ, ಮಾರನೆಯ ದಿನ ಕಾಲೇಜಿನ ಬೋರ್ಡಿನಲ್ಲಿ ಬರುವುದಿತ್ತು. ಇಬ್ಬರೂ ಸೈಬರ್ ಸೆಂಟರಿಗೆ ಹೋದೆವು. ಒಳಗೆ ಹುಡುಗರು ಕಿಕ್ಕಿರಿದಿದ್ದರು. ಅವಳು ಸಂಕೋಚಪಟ್ಟು ಹೊರಗೇ ನಿಂತು, ಹಾಲ್ ಟಿಕೆಟ್ ನನ್ನ ಕೈಗೆ ಕೊಟ್ಟಳು. ಮೊದಲು ನನ್ನದು ನೋಡಿದೆ. ಪಾಸಾಗಿದ್ದೆ. ಆ ಖುಷಿಯಲ್ಲೇ ಅವಳ ನಂಬರು ಒತ್ತಿದೆ. ಅಂಗಡಿಯವನು "ಬೇಗ ಬೇಗ ನೋಡಮ್ಮ, ಹಿಂದೆ ಜನ ಅವ್ರೆ" ಎಂದು ಗದರುತ್ತಿದ್ದ. ಪುಟ ನಿಧಾನವಾಗಿ ತೆರೆಯಿತು. ನಾನು ನೇರ ಕೊನೆಯ ಸಾಲಿಗೆ ಹೋದೆ. ಫೇಲ್.

ಹೊರಗೆ ಬಂದು ಹೇಳಿದೆ. ಅವಳು ಅಳಲಿಲ್ಲ. "ಸರಿಯಾಗಿ ನೋಡಿದ್ಯಾ?" ಎಂದಳು.

"ನಂಗೇ ಹೇಳ್ಕೊಡ್ತೀಯಾ?" ಎಂದೆ.

ಮಾರನೆಯ ದಿನ ಕಾಲೇಜಿನ ಬೋರ್ಡಿನಲ್ಲಿ ಅವಳದು ಪ್ರಥಮ ದರ್ಜೆ. ನಾನು ಒಬ್ಬಳೇ ನಿಂತು ಮೂರು ಸಲ ಓದಿದೆ. ಅವಳ ಹಾಲ್ ಟಿಕೆಟ್ಟು ಇನ್ನೂ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡುವಾಗ ನೆನಪಾಯಿತು: ನಿನ್ನೆಯ ಪುಟದ ಮೇಲ್ತುದಿಯಲ್ಲಿ ಯಾವುದೋ ಹುಡುಗನ ಹೆಸರಿತ್ತು. ಕಣ್ಣಿಗೆ ಬಿದ್ದಿತ್ತು, ನಾನು ಓದಿರಲಿಲ್ಲ. ಒಂದು ಅಂಕಿ ತಪ್ಪಾಗಿ ಒತ್ತಿದ್ದೆ.

ಬಸ್ಸಿಳಿದು ಅವಳ ಮನೆಗೆ ಓಡಿದೆ. ನಿಜ ಹೇಳಬೇಕೆಂದೇ ಹೋಗಿದ್ದೆ. ಅವಳ ಅಪ್ಪ ಜಗುಲಿಯಲ್ಲಿ ಕೂತಿದ್ದರು. ಅವರ ಮುಖ ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು, "ಪಾಸಾಗವ್ಳೆ ಮಾವ, ಫಸ್ಟ್ ಕ್ಲಾಸು. ನೆಟ್ಟು ತಪ್ಪು ತೋರಿಸ್ಬಿಡ್ತು."

"ಹಾಳಾದ್ ನೆಟ್ಟು," ಎಂದರು ಅವರು. "ಅದನ್ನ ನಂಬ್ಕೊಂಡು ನಾವು ಕೆಟ್ವಿ."

ಅವಳಿಗೆ ನರ್ಸಿಂಗ್ ಓದುವ ಆಸೆಯಿತ್ತು. ಅರ್ಜಿಯನ್ನು ನೆಟ್‌ನಲ್ಲೇ ಹಾಕಬೇಕಿತ್ತು. ಅಪ್ಪ ಒಪ್ಪಲಿಲ್ಲ, ಅವಳಿಗೂ ಧೈರ್ಯ ಬರಲಿಲ್ಲ. ಚಂದದ ಅಕ್ಷರದಲ್ಲಿ ಬರೆದು ಅಂಚೆಯಲ್ಲಿ ಕಳಿಸಿದಳು. ಅದು ಹಾಗೇ ವಾಪಸು ಬರುವ ಹೊತ್ತಿಗೆ ಕೊನೆಯ ದಿನ ಮುಗಿದಿತ್ತು. ಅವಳು ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ನಾನು ಡಿಗ್ರಿ ಓದಿದೆ, ಕಂಪ್ಯೂಟರ್ ಕ್ಲಾಸಿಗೆ ಹೋದೆ, ಇಮೇಲ್ ಕಲಿತೆ, ಆಮೇಲೆ ಮೊಬೈಲಿನಲ್ಲೇ ಎಲ್ಲ ಬಂತು. ಈಗ ಕಚೇರಿಯಲ್ಲಿ ದಿನವಿಡೀ ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬುವುದೇ ನನ್ನ ಕೆಲಸ.

ಹೋದ ಬೇಸಿಗೆಯಲ್ಲಿ ಅವಳೇ ಫೋನ್ ಮಾಡಿದಳು. ಮಗಳಿಗೆ ಕಾಲೇಜಿನ ಅರ್ಜಿ ಹಾಕಬೇಕು, ಬಂದು ಹಾಕಿಕೊಡು ಎಂದು. ಹೋದಾಗ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಮಗಳು ಒಳಗಿದ್ದಳು.

"ನೆಟ್ಟು ತಪ್ಪು ತೋರಿಸಿರ್ಲಿಲ್ಲ ಕಣೇ," ಎಂದೆ. "ನಾನೇ ತಪ್ಪು ಒತ್ತಿದ್ದೆ. ಮಾರನೇ ದಿನಾನೇ ಗೊತ್ತಾಗಿತ್ತು."

ಅವಳ ಕೈ ನಿಂತಿತು.

"ನೀನು ಫೇಲ್ ಅಂದ್ಯಲ್ಲ, ಅವತ್ತು ಸಂಜೆ ನಮ್ಮಪ್ಪ ನನ್ನ ಪುಸ್ತಕಾನೆಲ್ಲಾ ನೀರೊಲೆಗೆ ಹಾಕಿದ್ರು," ಎಂದಳು. "ಆ ನೀರಲ್ಲೇ ಸ್ನಾನ ಮಾಡು ಅಂದ್ರು. ಮಾಡ್ದೆ. ಅದನ್ನ ನಿಂಗೆ ಹೇಳಿರ್ಲಿಲ್ಲ. ನೀನು ನೊಂದ್ಕೋತೀಯ ಅಂತ."

ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದೆ. ಅದನ್ನು ಆಡಲು ನಾಚಿಕೆಯಾಯಿತು.

ಅವಳು ಸೆರಗಿಗೆ ಕೈ ಒರೆಸಿಕೊಂಡು ಮಗಳನ್ನು ಕರೆದಳು. ಮಗಳು ಫೋನು, ಅಂಕಪಟ್ಟಿ ತಂದಳು. ಅರ್ಜಿ ತುಂಬಲೆಂದು ನಾನು ಫೋನಿಗೆ ಕೈ ಚಾಚಿದೆ.

"ಬ್ಯಾಡ, ಅವಳೇ ಒತ್ಲಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಒಂದೊಂದೇ ನಂಬರು ಓದಿ ಹೇಳು. ನಿಧಾನಕ್ಕೆ."

ಅಂಕಪಟ್ಟಿ ಹಿಡಿದುಕೊಂಡು ನಾನು ಓದತೊಡಗಿದೆ. ಮಗಳು ಒತ್ತುವ ಪ್ರತಿ ಅಂಕಿಗೂ ಗೆಳತಿ ಬಗ್ಗಿ, ಮೊದಲು ಕಾಗದ, ಆಮೇಲೆ ಫೋನು, ಎರಡನ್ನೂ ನೋಡುತ್ತಿದ್ದಳು.