ಎಡಕ್ಕೆ ಎಳೆಯುವ ಯಂತ್ರ

ಆಸ್ಪತ್ರೆಯಿಂದ ಬಿಡುಗಡೆಯಾದವರು ಸುಧಾರಿಸಿಕೊಳ್ಳಲು ಬರುವ ಆರೈಕೆ ಮನೆ ಅದು, ಗುಡ್ಡದ ಮೇಲಿತ್ತು. ಅಲ್ಲಿನ ಹುಲ್ಲು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಕತ್ತರಿ ಮಾಮ ಎನ್ನುತ್ತಿದ್ದರು. ಕಟ್ಟಡದ ಎದುರು ಸಮತಟ್ಟು, ಪಕ್ಕಕ್ಕೆ ಸಾಧಾರಣ ಇಳಿಜಾರು, ಹಿಂದುಗಡೆ ಮಾತ್ರ ಆಡು ಕೂಡ ಯೋಚಿಸಿ ಕಾಲಿಡುವಂಥ ಕಡಿದಾದ ಜಾಗ. ಇಷ್ಟನ್ನೂ ತಳ್ಳುವ ಯಂತ್ರದಲ್ಲೇ ಕತ್ತರಿಸಿ ಕತ್ತರಿಸಿ ಅವನ ಮಂಡಿ ಸವೆದಿತ್ತು. ಹೆಂಡತಿಗೂ ಅಲ್ಲೇ ಕೆಲಸ, ಬಟ್ಟೆ ಒಗೆಯುವ ಕೋಣೆಯಲ್ಲಿ.

ಕೂತು ಓಡಿಸುವ ಯಂತ್ರ ಕೊಳ್ಳಲು ಮ್ಯಾನೇಜರ್ ಮೇಡಂ ಕೊನೆಗೂ ಒಪ್ಪಿದರು. "ಯಾವುದು ಬೇಕೋ ನೀವೇ ಆರಿಸಿ ಮಾಮ, ಓಡಿಸೋರು ನೀವು ತಾನೆ" ಎಂದರು.

ಮಾಮ ನೋಡಲಿ ಎಂದು ಅಂಗಡಿಯವನು ಎರಡು ಯಂತ್ರ ಲಾರಿಯಲ್ಲಿ ತಂದ. ಒಂದು ಸ್ಟೀರಿಂಗ್ ಇದ್ದ ಪುಟ್ಟ ಟ್ರಾಕ್ಟರಿನಂಥದ್ದು. ಇನ್ನೊಂದಕ್ಕೆ ಸ್ಟೀರಿಂಗೇ ಇಲ್ಲ; ಎಡಗೈಗೊಂದು, ಬಲಗೈಗೊಂದು ಹಿಡಿ. ಒಂದೊಂದು ಹಿಡಿ ಹಿಂದಿನ ಒಂದೊಂದು ಚಕ್ರಕ್ಕೆ; ತಳ್ಳಿದಷ್ಟು ಆ ಚಕ್ರ ಮುಂದೆ, ಎಳೆದರೆ ಹಿಂದೆ. ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಅದಕ್ಕೇ ಝೀರೋ ಟರ್ನ್ ಅಂತ ಹೆಸರು. ಅಂಗಡಿಯವನು ಮರದ ಬುಡವನ್ನು ಒಂದು ಎಳೆ ಹುಲ್ಲೂ ಉಳಿಯದಂತೆ ಸುತ್ತಿ ಬಂದಾಗ ಮಾಮ ಮನಸೋತುಬಿಟ್ಟ.

"ನನಗೆ ಇದೇ ಇರಲಿ."

"ಸಮತಟ್ಟಲ್ಲಿ ಇದು ರಾಜ ಮಾಮ. ಇಳಿಜಾರಲ್ಲಿ ಮಾತ್ರ ಹುಷಾರು. ಮುಂದಿನ ಚಕ್ರಗಳು ಸ್ಟ್ರೆಚರ್ ಚಕ್ರದ ಹಾಗೆ, ಎತ್ತ ಬೇಕಾದ್ರೂ ಸುಮ್ಮನೆ ತಿರುಗ್ತವೆ. ಹಿಡಿತ ಎಲ್ಲ ಹಿಂದಿನ ಎರಡರಲ್ಲೇ. ಅವು ಜಾರಿದ್ರೆ ಕತೆ ಮುಗೀತು."

ಮಾಮ ಹತ್ತಿ ಕೂತ. ಯಂತ್ರ ನೆಟ್ಟಗೆ ಹೋಗಲಿಲ್ಲ, ಎಡಕ್ಕೆ ತಿರುಗಿ ಹೂವಿನ ಪಾತಿಗೆ ನುಗ್ಗಿತು.

"ಏನಯ್ಯಾ, ಎಡಕ್ಕೆ ಎಳೀತಿದೆ! ಟೈರಿಗೆ ಗಾಳಿ ಇದೆಯೋ ಇಲ್ವೋ?"

ಅಂಗಡಿಯವನು ಗಾಳಿ ನೋಡಿದ, ತಾನೇ ಓಡಿಸಿ ನೋಡಿದ. ದಾರ ಎಳೆದ ಹಾಗೆ ನೇರ ಹೋಯಿತು. "ಎಡಗೈ ಇನ್ನೂ ಸ್ವಲ್ಪ ತಳ್ಳಿ ಮಾಮ."

"ತಳ್ತಾನೇ ಇದೀನಲ್ಲ!"

ಒದ್ದೆ ಹೊದಿಕೆ ಹರವುತ್ತಿದ್ದ ಹೆಂಡತಿ ಆ ಮಾತು ಕೇಳಿ ಹಾಗೇ ನಿಂತಳು. ಎರಡೂ ಕೈಯಲ್ಲಿ ಹಿಡಿಯುತ್ತಿದ್ದ ಚಹಾದ ಲೋಟವನ್ನು ಗಂಡ ಇತ್ತೀಚೆಗೆ ಬಲಗೈಯೊಂದರಲ್ಲೇ ಹಿಡಿಯತೊಡಗಿದ್ದನ್ನು, ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಇಳಿಸಿಕೊಳ್ಳುವ ಬನಿಯನ್ನಿಗೆ ಇಳಿದದ್ದನ್ನು ಅವಳು ನೋಡಿದ್ದಳು. ಕೇಳಿದರೆ, "ವಯಸ್ಸಾಯ್ತು ಕಣೇ" ಎಂದು ಹಾರಿಸಿಬಿಡುತ್ತಿದ್ದ.

ಮಾಮನಿಗೆ ಹಟ ಬಂತು. ಯಂತ್ರವನ್ನು ಇಳಿಜಾರಿನ ಮೇಲೆ ಅಡ್ಡಲಾಗಿ ಓಡಿಸಿದ. ತಗ್ಗು ಅವನ ಎಡಕ್ಕಿತ್ತು. ಮೂತಿ ಕೆಳಕ್ಕೆ ತಿರುಗಿದ್ದೇ ಗಾಬರಿಯಲ್ಲಿ ಎರಡೂ ಹಿಡಿ ಹಿಂದಕ್ಕೆಳೆದ. ಬಲಗೈ ಮಾತು ಕೇಳಿತು, ಎಡಗೈ ಕೇಳಲಿಲ್ಲ. ಚಕ್ರಗಳು ಹುಲ್ಲು ಕಿತ್ತುಕೊಂಡು ಜಾರಿ, ಯಂತ್ರ ಕಲ್ಲಿನ ಕಟ್ಟೆಗೆ ಬಡಿದು ನಿಂತಿತು. ಕಟ್ಟೆಯ ಆಚೆ ಕೆಳಗೆ ರಸ್ತೆ.

ಹೆಂಡತಿ ಓಡಿ ಬಂದಳು. "ಏನೂ ಆಗಿಲ್ಲ" ಎಂದ. ಅವಳು ಎರಡೂ ಕೈ ಮುಂದೆ ಚಾಚಿದಳು.

"ಎರಡನ್ನೂ ಹಿಡಿದು ಅಮುಕಿ."

ಬಲಗೈಯ ಹಿಡಿತಕ್ಕೆ ಅವಳ ಬೆರಳು ನೊಂದವು. ಎಡಗೈ ಸುಮ್ಮನೆ ಅವಳ ಕೈಮೇಲೆ ಕೂತಿತ್ತು.

"ಯಾವಾಗಿಂದ ರೀ?"

"ಒಂದು ಬೆಳಿಗ್ಗೆ ಎದ್ದಾಗ ಹೀಗಿತ್ತು. ತಾನಾಗೇ ಸರಿಹೋಗುತ್ತೆ ಅಂದ್ಕೊಂಡೆ."

"ನನಗೊಂದು ಮಾತು ಹೇಳಬಾರದಿತ್ತೇ?"

ಅವನು ಕಟ್ಟಡದ ಕಡೆ ನೋಡಿದ. ಕಿಟಕಿಗಳಲ್ಲಿ ಮುಖಗಳು ಸೇರಿದ್ದವು. "ದಿನಾ ಇವರನ್ನ ನೋಡ್ತೀನಲ್ಲ. ಬಾಯಿಬಿಟ್ರೆ ನಾನೂ ಆ ಕಿಟಕಿ ಹಿಂದೆ ಕೂರಬೇಕಾಗುತ್ತಲ್ಲ ಅಂತ..."

ಸಣ್ಣದೊಂದು ಪಾರ್ಶ್ವವಾಯು ಆಗಿ ಹೋಗಿದೆ ಎಂದರು ಡಾಕ್ಟರು. ಕೈ ಅಷ್ಟಿಷ್ಟು ಸುಧಾರಿಸಬಹುದು, ಇನ್ನೊಮ್ಮೆ ಆಗುವುದಿಲ್ಲ ಅಂತ ಹೇಳಲಾಗದು.

ಕೊನೆಗೆ ಕೊಂಡದ್ದು ಸ್ಟೀರಿಂಗ್ ಯಂತ್ರವನ್ನೇ. ಹಿಂದುಗಡೆಯ ಕಡಿದಾದ ಜಾಗಕ್ಕೆ ಯಾವ ಯಂತ್ರವೂ ಬೇಡ ಎಂದು ಪೊದೆ ಗಿಡ ನೆಟ್ಟರು. ಓಡಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಹೆಂಡತಿ, "ನಾನು ಕಲೀತೀನಿ" ಎಂದಳು. ಮಾಮ ಅವಳ ಜೊತೆ ಕೆಲವು ದಿನ ಮಾತು ಬಿಟ್ಟ. ಆಮೇಲೆ ಇಳಿಜಾರಿನ ತುದಿಯಲ್ಲಿ ನಿಂತು ಕೂಗತೊಡಗಿದ: "ಅಡ್ಡ ಹೋಗಬೇಡ! ನೇರ ಹತ್ತು, ನೇರ ಇಳಿ!" ಅದು ಸಿಟ್ಟೋ ಭಯವೋ ಅವಳಿಗೆ ತಿಳಿಯುತ್ತಿರಲಿಲ್ಲ.

ಈಗ ಅವಳು ದಿನಾ ಅವನಿಗಿಂತ ಮೊದಲೇ ಏಳುತ್ತಾಳೆ. ಅವನಿನ್ನೂ ಕಣ್ಣು ಬಿಟ್ಟಿರುವುದಿಲ್ಲ, "ರೀ" ಎಂದು ಕರೆಯುತ್ತಾಳೆ. ಉತ್ತರ ತುಸು ತಡವಾದರೂ ಅವನ ಕೈ ಹಿಡಿದು ಅಮುಕುತ್ತಾಳೆ.

"ಇದೀನಿ ಕಣೇ, ಮಲಗೋಕೆ ಬಿಡು" ಎನ್ನುತ್ತಾನೆ ಅವನು, ಮಗ್ಗುಲು ಬದಲಿಸುತ್ತಾ.